ಎಂಪಿಎಚ್ ಅರ್ಜಿಯಲ್ಲಿ ನಿಮ್ಮ ತಾಲ್ಲೂಕು ಎಲ್ಲಿದೆ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ನರ್ಸಿಂಗ್, ಬಿಎಎಂಎಸ್, ಬಿಡಿಎಸ್, ಬಿಎಸ್‌ಡಬ್ಲ್ಯು ಓದಿದವರು ಈಗ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ, ಅಂದರೆ ಎಂಪಿಎಚ್‌ಗೆ, ಅರ್ಜಿ ಹಾಕುತ್ತಿದ್ದಾರೆ. ಸಂತೋಷದ ವಿಷಯ. ಆದರೆ ಅರ್ಜಿಯ ಜೊತೆ ಕಳಿಸುವ ಎಸ್‌ಒಪಿ, ಅಂದರೆ ಈ ಕೋರ್ಸ್ ಯಾಕೆ ಓದಬೇಕೆಂದು ತಾವೇ ಬರೆಯುವ ಕಾಗದ, ಓದಿದರೆ ಸಂಕಟವಾಗುತ್ತದೆ. "ಬಾಲ್ಯದಿಂದಲೂ ಜನಸೇವೆ ಮಾಡಬೇಕೆಂಬ ಹಂಬಲ" ಎಂದು ಶುರುವಾಗಿ, "ಆರೋಗ್ಯವೇ ಭಾಗ್ಯ" ಎಂದು ಮುಗಿಯುತ್ತದೆ. ಈ ಕಾಗದವನ್ನು ಕಾನ್ಪುರದವರೂ ಬರೆಯಬಹುದು, ಕಾರವಾರದವರೂ ಬರೆಯಬಹುದು. ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ನೀರಿನ ನಡುವೆ ಬೆಳೆದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ದಿನಾ ಫಾರಂ ತುಂಬಿದವರ ಕಾಗದದಲ್ಲಿ ಅದರ ಒಂದು ಸಾಲೂ ಇರುವುದಿಲ್ಲ.

ನಮ್ಮ ಜಿಲ್ಲೆಗಳು ಈ ವಿಷಯದಲ್ಲಿ ಬಡವೇನಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದ ಮೇಲೆ ಅಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದರು. ಅದರಲ್ಲಿ ಗುರುತಿಸಿದ ಕ್ಷಯ ರೋಗಿಗಳನ್ನು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಸಂಶೋಧಕರು ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದಿಷ್ಟು: ಹಳ್ಳಿಯವರಿಗೆ ತಮ್ಮ ಕಾಯಿಲೆಯ ಲಕ್ಷಣಗಳ ಅರಿವಿತ್ತು, ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಿದ್ದು ಆಸ್ಪತ್ರೆಗಳು. ಕೆಮ್ಮುತ್ತಾ ಬಾಗಿಲಿಗೆ ಬಂದವರ ಕಫವನ್ನು ಮೊದಲು ಪರೀಕ್ಷಿಸಬೇಕು ಎಂಬ ನೀತಿಗೆ, 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ, ಆ ಕೆಲಸ ಪ್ರಕಟವಾಗುವ ಮುಂಚೆಯೇ ದೊಡ್ಡ ಬಲ ಕೊಟ್ಟಿತು. ತಪ್ಪು ಜನರದ್ದೋ ವ್ಯವಸ್ಥೆಯದ್ದೋ ಎಂದು ಲೆಕ್ಕ ಹಾಕಿ ನೋಡುವ ಈ ಬುದ್ಧಿಯನ್ನೇ ಎಂಪಿಎಚ್ ಕಲಿಸುವುದು. ಆಯ್ಕೆ ಸಮಿತಿ ನಿಮ್ಮಲ್ಲಿ ಹುಡುಕುವುದೂ ಅದನ್ನೇ.

ಹಾಗಾದರೆ ಬರೆಯುವುದು ಹೇಗೆ? ಬಾಗೇಪಲ್ಲಿ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಆಗಿರುವ ನರ್ಸ್ ಒಬ್ಬರನ್ನು ಊಹಿಸಿಕೊಳ್ಳಿ. ಮೊದಲ ಪ್ಯಾರಾ ಹೀಗಿರಲಿ: "ನಮ್ಮ ಊರಿನಲ್ಲಿ ಶುದ್ಧ ನೀರಿನ ಘಟಕ ಬಂದಿದೆ. ಮನೆಗಳಲ್ಲಿ ಕುಡಿಯಲು ಕ್ಯಾನ್ ನೀರು ಬಳಸುತ್ತಾರೆ, ಆದರೆ ಮುದ್ದೆ, ಅನ್ನ, ಸಾರಿಗೆ ಬೋರ್‌ವೆಲ್ ನೀರೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಘಟಕ ಬಂದ ಮೇಲೆ ಹುಟ್ಟಿದ ಮಕ್ಕಳ ಹಲ್ಲಿನ ಮೇಲೂ ಕಲೆ ಕಾಣುತ್ತಿದೆಯೇ, ಅಡುಗೆ ನೀರಿನ ಪಾಲು ಅದರಲ್ಲಿ ಎಷ್ಟು ಎಂದು ಅಳೆಯಲು ನನಗೆ ಈಗ ಬರುವುದಿಲ್ಲ. ಅದನ್ನು ಕಲಿಯಬೇಕು." ಜನಸೇವೆ ಎಂಬ ಪದವೇ ಇಲ್ಲ, ಆದರೆ ಬರೆದವರು ಯಾರು, ಅವರಿಗೆ ಏನು ಬೇಕು ಎಂಬುದು ಸಮಿತಿಗೆ ತಕ್ಷಣ ತಿಳಿಯುತ್ತದೆ. ಎರಡನೇ ಪ್ಯಾರಾದಲ್ಲಿ ಗೊತ್ತಿರುವುದನ್ನು ಹೇಳಿ: ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್‌ಗೆ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸೈರಣೆ. ನಿಮ್ಮ ಊರಿನ ಬೋರ್‌ವೆಲ್ ವರದಿ ಪಂಚಾಯಿತಿಯಲ್ಲಿ ಸಿಕ್ಕರೆ ಆ ಅಂಕಿಯನ್ನೇ ಬರೆಯಿರಿ, ಪರೀಕ್ಷೆ ಮಾಡಿದ ತಿಂಗಳ ಸಮೇತ. ಮಳೆಗೆ ಮುಂಚೆ, ಮಳೆ ಆದ ಮೇಲೆ ಅಂಕಿ ಬದಲಾಗುತ್ತದೆ ಎಂಬ ಒಂದು ಮಾತು ಸೇರಿಸಿದರೆ ಓದುವವರು ಕತ್ತೆತ್ತಿ ನೋಡುತ್ತಾರೆ.

ಸಿಎಚ್‌ಒ ಆಗಿರಲೇಬೇಕು ಎಂದೇನಿಲ್ಲ. ಶಿಡ್ಲಘಟ್ಟದ ರೀಲಿಂಗ್ ಮನೆಗಳ ಹೊಗೆಯಲ್ಲಿ ಕೆಲಸ ಮಾಡುವ ಹೆಂಗಸರ ಉಸಿರಾಟ, ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿದ ಮೇಲೂ ಉಳಿದಿರುವ ಸೈನೈಡ್ ದಿಬ್ಬಗಳ ದೂಳು, ಕೋಲಾರದ ಕೆರೆಗಳಿಗೆ ಬೆಂಗಳೂರಿನ ಕೆಸಿ ವ್ಯಾಲಿಯಿಂದ ಹರಿಯುತ್ತಿರುವ ಸಂಸ್ಕರಿಸಿದ ಕೊಳಚೆ ನೀರು. ಒಂದೊಂದೂ ಒಂದು ಪ್ರಶ್ನೆ. ಪ್ರಶ್ನೆ ಒಂದೇ ಇರಲಿ. ಮೂರು ತುರುಕಿದರೆ ಯಾವುದೂ ನಾಟುವುದಿಲ್ಲ.

ಕೊನೆಯ ಪ್ಯಾರಾ ಸಂಸ್ಥೆಯ ಬಗ್ಗೆ. "ತಮ್ಮ ಪ್ರತಿಷ್ಠಿತ ಸಂಸ್ಥೆ" ಎಂದು ಬರೆದು ಆರು ಕಡೆ ಕಳಿಸುವವರೇ ಜಾಸ್ತಿ, ಅವಸರದಲ್ಲಿ ಒಂದು ಸಂಸ್ಥೆಯ ಹೆಸರು ಇನ್ನೊಂದಕ್ಕೆ ಹೋಗಿಬಿಡುತ್ತದೆ. ಅಲ್ಲಿನ ಅಧ್ಯಾಪಕರ ಕೆಲಸ ಓದಿ, ನಿಮ್ಮ ಪ್ರಶ್ನೆಗೆ ಯಾರು ಹತ್ತಿರ ಎಂದು ಎರಡು ವಾಕ್ಯ ಬರೆದರೆ ಸಾಕು. ಎಷ್ಟು ಪದ ಕೇಳಿದ್ದಾರೋ ಅಷ್ಟೇ ಬರೆಯಿರಿ, ಪೋರ್ಟಲ್ ಉಳಿದದ್ದನ್ನು ಕತ್ತರಿಸಿಬಿಡುತ್ತದೆ.

ಯಾವ ಕೋರ್ಸ್, ಎಲ್ಲಿ ಎಂಬುದಕ್ಕೆ ಬರೋಣ. ಎಂಡಿ ಕಮ್ಯುನಿಟಿ ಮೆಡಿಸಿನ್ ಎಂಬಿಬಿಎಸ್ ಆದವರಿಗೆ ಮಾತ್ರ, ನೀಟ್ ಪಿಜಿ ಮೂಲಕ, ಮೂರು ವರ್ಷ. ಎಂಪಿಎಚ್ ನಮ್ಮಲ್ಲಿ ಸಾಮಾನ್ಯವಾಗಿ ಎರಡು ವರ್ಷ, ವೈದ್ಯರಲ್ಲದವರಿಗೂ ಬಾಗಿಲು ತೆರೆದಿದೆ. ಆದರೆ ಅರ್ಹತೆ ಎಲ್ಲ ಕಡೆ ಒಂದೇ ಅಲ್ಲ: ಕೆಲವೆಡೆ ಯಾವುದೇ ಪದವಿ ನಡೆಯುತ್ತದೆ, ಕೆಲವೆಡೆ ಆರೋಗ್ಯ ವಿಜ್ಞಾನದ ಪದವಿಯೇ ಬೇಕು. ಶುಲ್ಕ ಕಟ್ಟುವ ಮುಂಚೆ ಆ ಒಂದು ಪುಟ ಓದಿಬಿಡಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೇನನ್ ಕೇಂದ್ರ, ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್), ಮಣಿಪಾಲ, ಮೈಸೂರಿನ ಜೆಎಸ್‌ಎಸ್, ಒಂದೊಂದರ ಒಲವೂ ಬೇರೆ ಬೇರೆ. ಲೆಕ್ಕ, ಸಾಂಕ್ರಾಮಿಕ ರೋಗಶಾಸ್ತ್ರ ಇಷ್ಟವಿದ್ದವರು ಚೆನ್ನೈ ಕಡೆ ನೋಡಿ, ಸಮಾಜ ವಿಜ್ಞಾನ, ನೀತಿ ಇಷ್ಟವಿದ್ದವರು ಟಿಸ್ ಕಡೆ. ಟಿಸ್‌ಗೆ ಈಗ ಸಿಯುಇಟಿ ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಡಿಸೆಂಬರ್-ಜನವರಿ ಹೊತ್ತಿಗೆ, ಪರೀಕ್ಷೆ ಮಾರ್ಚ್‌ನಲ್ಲಿ. ಜೂನ್‌ನಲ್ಲಿ ಡಿಗ್ರಿ ರಿಸಲ್ಟ್ ಬಂದ ಮೇಲೆ ನೋಡೋಣ ಎಂದು ಕೂತರೆ ಒಂದು ವರ್ಷ ಹೋಯಿತು.

ದಾಖಲೆಗಳ ಕಥೆ ಬೇರೆಯೇ. ಒಳ್ಳೆಯ ಅರ್ಜಿಗಳು ಹೆಚ್ಚು ಮುಗ್ಗರಿಸುವುದು ಇಲ್ಲೇ. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ನಮ್ಮ 2ಎ, 3ಎ, 3ಬಿ ಪ್ರಮಾಣಪತ್ರ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ ನಾಡಕಚೇರಿಯಲ್ಲಿ ಕೇಂದ್ರದ ನಮೂನೆಯ ಕೆನೆಪದರವಲ್ಲದ ಒಬಿಸಿ ಪ್ರಮಾಣಪತ್ರಕ್ಕೇ ಅರ್ಜಿ ಕೊಡಬೇಕು. ಕೌಂಟರಿನಲ್ಲಿ ಬರೀ "ಜಾತಿ ಆದಾಯ" ಎಂದರೆ ರಾಜ್ಯದ್ದನ್ನೇ ಕೊಡುತ್ತಾರೆ. ಎಷ್ಟೋ ಸಂಸ್ಥೆಗಳು ಆಯಾ ವರ್ಷದ ಏಪ್ರಿಲ್ 1ರ ನಂತರ ಕೊಟ್ಟಿರುವ ಪತ್ರವನ್ನೇ ಕೇಳುತ್ತವೆ, ಹೋದ ವರ್ಷದ್ದು ತಿರಸ್ಕೃತ.

ಹೆಸರಿನ ತೊಂದರೆ ನಮ್ಮ ಕಡೆ ವಿಪರೀತ. ಎಸ್‌ಎಸ್‌ಎಲ್‌ಸಿಯಲ್ಲಿ "ಮಂಜುಳಾ ಎನ್", ಆಧಾರ್‌ನಲ್ಲಿ "ಮಂಜುಳ", ಪಾಸ್‌ಪೋರ್ಟಿನಲ್ಲಿ "ಮಂಜುಳಾ ನಾರಾಯಣಪ್ಪ". ಮೂರೂ ಒಬ್ಬರೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದವನ್ನು ಸರಿ ಮಾಡಿಸಿಕೊಳ್ಳಿ. ನೋಟರಿ ಅಫಿಡವಿಟ್ ಕೆಲವೆಡೆ ಮಾತ್ರ ನಡೆಯುತ್ತದೆ.

ವಿದೇಶಕ್ಕೆ ಹೋಗುವವರಿಗೆ ಟ್ರಾನ್ಸ್‌ಕ್ರಿಪ್ಟ್ ಬೇಕು, ಅದು ಅಂಕಪಟ್ಟಿಯ ಜೆರಾಕ್ಸ್ ಅಲ್ಲ, ಎಲ್ಲ ವರ್ಷದ ಅಂಕಗಳನ್ನು ವಿವಿಯೇ ದೃಢೀಕರಿಸಿ ಕೊಡುವ ದಾಖಲೆ. ನರ್ಸಿಂಗ್, ಡೆಂಟಲ್, ಆಯುರ್ವೇದದವರು ರಾಜೀವ್ ಗಾಂಧಿ ವಿವಿಯಿಂದ ತರಿಸಬೇಕು. ಕೋಲಾರ, ಚಿಕ್ಕಬಳ್ಳಾಪುರದ ಡಿಗ್ರಿ ಕಾಲೇಜಿನವರು ತಮ್ಮ ಅಂಕಪಟ್ಟಿಯ ತಲೆಯ ಮೇಲೆ ಬೆಂಗಳೂರು ವಿವಿ ಇದೆಯೋ ಬೆಂಗಳೂರು ಉತ್ತರ ವಿವಿ ಇದೆಯೋ ನೋಡಿಕೊಂಡು ಹೊರಡಿ. ಹಳೆಯ ಬ್ಯಾಚಿನವರು ಬೆಂಗಳೂರು ವಿವಿ ಇರುವ ಜ್ಞಾನಭಾರತಿಗೇ ಹೋಗಬೇಕು. ಅಮೆರಿಕದ ಬಹಳಷ್ಟು ಕಾಲೇಜುಗಳು ಸೋಫಾಸ್ ಎಂಬ ಒಂದೇ ಪೋರ್ಟಲ್ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ, ವಿದೇಶಿ ಪದವಿಗೆ ಡಬ್ಲ್ಯುಇಎಸ್‌ನಂಥ ಸಂಸ್ಥೆಯ ಮೌಲ್ಯಮಾಪನ ಕೇಳುತ್ತವೆ. ವಿವಿಯಿಂದ ಹೊರಟು, ಮೌಲ್ಯಮಾಪನ ಮುಗಿದು ಪೋರ್ಟಲ್ ಸೇರುವುದಕ್ಕೆ ತಿಂಗಳುಗಳೇ ಹಿಡಿಯಬಹುದು. ಡಿಸೆಂಬರ್ ಗಡುವಿಗೆ ಜುಲೈನಲ್ಲೇ ಕೆಲಸ ಶುರುವಾಗಲಿ. ಮೂರು ವರ್ಷದ ಬಿಎಸ್ಸಿ, ಬಿಎಸ್‌ಡಬ್ಲ್ಯು ಆದವರನ್ನು ಅಲ್ಲಿ ಎಷ್ಟೋ ಕಡೆ ಒಪ್ಪುವುದಿಲ್ಲ, ಮೊದಲೇ ಇಮೇಲ್ ಮಾಡಿ ಕೇಳಿ. ಬ್ರಿಟನ್‌ನಲ್ಲಿ ಕೋರ್ಸ್ ಸಾಮಾನ್ಯವಾಗಿ ಒಂದೇ ವರ್ಷ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶದ ಓದಿಗೆ ನೆರವಾಗುವ ರಾಜ್ಯದ ಪ್ರಬುದ್ಧ ಯೋಜನೆಯಿದೆ, ದಯವಿಟ್ಟು ಅದನ್ನು ಬಿಡಬೇಡಿ.

ಶಿಫಾರಸು ಪತ್ರಕ್ಕೆ ಪ್ರಿನ್ಸಿಪಾಲರೇ ಬೇಕೆಂದಿಲ್ಲ. ನಿಮ್ಮ ಹೆಸರೂ ನೆನಪಿಲ್ಲದವರ "ಶಿಸ್ತಿನ ವಿದ್ಯಾರ್ಥಿ" ಪತ್ರಕ್ಕಿಂತ, ಲಸಿಕಾ ದಿನದಂದು ಪಟ್ಟಿಯಿಂದ ಬಿಟ್ಟುಹೋದ ವಲಸೆ ಮಕ್ಕಳನ್ನು ನೀವು ಇಟ್ಟಿಗೆ ಗೂಡಿಗೇ ಹೋಗಿ ಸೇರಿಸಿದ್ದನ್ನು ಕಂಡ ಪಿಎಚ್‌ಸಿ ವೈದ್ಯಾಧಿಕಾರಿಯ ಅರ್ಧ ಪುಟ ಮೇಲು.

ಸಂದರ್ಶನದಲ್ಲಿ ಲೆಕ್ಕ ಕೇಳುತ್ತಾರೆ, ಹೆದರಬೇಡಿ. ಮಾದರಿಗೆ ಒಂದು: ಸಾವಿರ ಜನರಲ್ಲಿ 10 ಮಂದಿಗೆ ಕಾಯಿಲೆಯಿದೆ. ಪರೀಕ್ಷೆ ಕಾಯಿಲೆಯಿರುವವರಲ್ಲಿ ಶೇ. 90ರಷ್ಟನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ. 90ರಷ್ಟಕ್ಕೆ ಸರಿಯಾಗಿ ಇಲ್ಲ ಎನ್ನುತ್ತದೆ. ಪಾಸಿಟಿವ್ ಬಂದವರಲ್ಲಿ ನಿಜವಾದ ರೋಗಿಗಳೆಷ್ಟು? ರೋಗಿಗಳಲ್ಲಿ 9, ಆರೋಗ್ಯವಂತ 990 ಮಂದಿಯಲ್ಲಿ 99, ಒಟ್ಟು 108 ಪಾಸಿಟಿವ್. ನಿಜವಾದವರು 9, ಅಂದರೆ ಸುಮಾರು ಶೇ. 8. ಕಾಗದದ ಮೇಲೆ ನಾಲ್ಕು ಮನೆ ಗೀಚಿ ಇದನ್ನು ಬಿಡಿಸಿದವರಿಗೆ, ಕಾಯಿಲೆ ಅಪರೂಪವಾದಾಗ ಊರಿಗೆಲ್ಲಾ ಸ್ಕ್ರೀನಿಂಗ್ ಮಾಡಿದರೆ ಏನಾಗುತ್ತದೆ ಎಂದು ವಿವರಿಸುವುದೂ ಬರುತ್ತದೆ.

ಫೀಸ್ ಕಟ್ಟುವ ಮುಂಚೆ ಆ ಕೋರ್ಸ್ ಮುಗಿಸಿದ ಇಬ್ಬರಿಗೆ ಫೋನ್ ಮಾಡಿ. ಕ್ಷೇತ್ರಕಾರ್ಯ ಎಷ್ಟು ವಾರ, ಎಲ್ಲಿ, ಪ್ರಬಂಧಕ್ಕೆ ಡೇಟಾ ತಾವೇ ಸಂಗ್ರಹಿಸಿದರೋ ಹಳೆಯದನ್ನೇ ಕೊಟ್ಟರೋ ಕೇಳಿ. ಈಗಿನ ಕೆಲಸ ಕಾಯಮ್ಮೋ ಗುತ್ತಿಗೆಯೋ ಎಂದೂ ಕೇಳಿ, ಸಂಕೋಚ ಬೇಡ. ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವೇ, ಜಿಲ್ಲಾ ಮಟ್ಟದ ಕೆಲವಕ್ಕೆ ವೈದ್ಯರಿಗೇ ಮೊದಲ ಆದ್ಯತೆ. ಸಾಲ ಮಾಡಿ ಓದುವ ಮನೆಯವರಿಗೆ ಈ ವಿಷಯ ಅಡ್ಮಿಷನ್‌ಗೆ ಮೊದಲೇ ಗೊತ್ತಿರಬೇಕು, ಎರಡು ವರ್ಷ ಆದ ಮೇಲಲ್ಲ.