ಲಕ್ಕುಂಡಿಯಲ್ಲಿ ಹಿಮ ಬಿದ್ದ ದಿನ

ನಮ್ಮ ಮನೆಯಲ್ಲಿ ಬೇಸಿಗೆ ರಜೆಗೆ ಎಲ್ಲಿ ಹೋಗಬೇಕು ಅಂತ ಹೇಳುವುದು ಅಣ್ಣನೂ ಅಲ್ಲ, ನಾನೂ ಅಲ್ಲ, ವೈನಿಯ ಫೋನು. ಅದರಲ್ಲಿ ಯಾವ ವಾರದ ವಾಟ್ಸಾಪ್ ಶುಭಾಶಯದ ಕಾರ್ಡ್ ಬಾಕಿ ಇದೆಯೋ ಆ ವಾರದ ದೇವರ ಊರಿಗೆ ನಮ್ಮ ಪ್ರವಾಸ. ಗುರುವಾರದ್ದು ಸಿದ್ಧಾರೂಢ ಮಠದಲ್ಲಿ ಆಗಿದೆ. ಶನಿವಾರದ್ದು ನುಗ್ಗಿಕೇರಿ ಹನುಮಪ್ಪನಲ್ಲಿ ಮುಗಿದಿದೆ. ಸೋಮವಾರಕ್ಕೆ ಶಿವನ ಗುಡಿ ಬೇಕಿತ್ತು. ಹಾಗಾಗಿ ಮೇ ತಿಂಗಳ ಬಿಸಿಲಲ್ಲಿ, ಬುತ್ತಿ ಕಟ್ಟಿಕೊಂಡು, ಗದಗಿನ ಹತ್ತಿರದ ಲಕ್ಕುಂಡಿಗೆ ಹೊರಟೆವು.

ವೈನಿಗೆ ಈ ಹುಚ್ಚು ಇಂದಿನದಲ್ಲ. ಲಗ್ನವಾಗಿ ಬಂದ ಹೊಸತರಲ್ಲೇ ದುರ್ಗದಬೈಲಿಗೆ ಹೋಗಿ ಚಮಕಿ ಉದುರುವ ಗ್ರೀಟಿಂಗ್ ಕಾರ್ಡ್ ಆರಿಸಿ ತರುತ್ತಿದ್ದರು. ದಸರೆಗೆ ಲಕೋಟೆಯೊಳಗೆ ಎರಡು ಬನ್ನಿ ಎಲೆ ಇಟ್ಟು ಕಳಿಸುತ್ತಿದ್ದರು. ಅದು ತವರಿಗೆ ಮುಟ್ಟುವಷ್ಟರಲ್ಲಿ ಎಲೆ ಪುಡಿಯಾಗಿರುತ್ತಿತ್ತು, ಆದರೂ ಬಂಗಾರವೇ. ಕಾರ್ಡಿನ ಮೂಲೆಯಲ್ಲಿ ಎರಡು ಸಾಲು ಇರುತ್ತಿದ್ದವು: ‘ನಾವೆಲ್ಲ ಅರಾಮ. ಎಮ್ಮಿ ಈದದ.’ ಆ ಎರಡು ಸಾಲಿಗಾಗಿಯೇ ಕಾರ್ಡ್ ಓದುತ್ತಿದ್ದರು ಅನ್ನಿ.

ಆದರೆ ಕಾರ್ಡ್ ಹುಟ್ಟಿದ್ದೇ ಆ ಎರಡು ಸಾಲು ತಪ್ಪಿಸಲಿಕ್ಕೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಸಾಹೇಬರಿಗೆ ಕ್ರಿಸ್‌ಮಸ್ ಪತ್ರಗಳು ರಾಶಿ ಬಿದ್ದವು. ಎಲ್ಲರಿಗೂ ಉತ್ತರ ಬರೆಯಲು ಪುರುಸೊತ್ತಿಲ್ಲ. ಒಬ್ಬ ಚಿತ್ರಕಾರನಿಂದ ಚಿತ್ರ ಬರೆಸಿ, ಸುಮಾರು ಸಾವಿರ ಕಾರ್ಡ್ ಅಚ್ಚು ಹಾಕಿಸಿಬಿಟ್ಟರು. ನಮ್ಮ ತಂತಿ ಇಲಾಖೆಯಂತೂ ಇನ್ನೂ ಮುಂದೆ ಹೋಗಿತ್ತು. ಶುಭಾಶಯಕ್ಕೆಲ್ಲ ನಂಬರು. ಕೌಂಟರಿನಲ್ಲಿ ನಂಬರು ಹೇಳಿದರೆ ಮದುಮಕ್ಕಳಿಗೆ ಆಶೀರ್ವಾದ ತಲುಪುತ್ತಿತ್ತು. 2013ರ ಜುಲೈನಲ್ಲಿ ತಂತಿ ನಿಂತಾಗ ನಾನು ಬೇಜಾರು ಮಾಡಿಕೊಂಡಿದ್ದೆ. ಸುಮ್ನೆ ಮಾಡಿಕೊಂಡೆ. ವಾಟ್ಸಾಪಿನಲ್ಲಿ ನಂಬರು ಹೇಳುವ ತ್ರಾಸೂ ಇಲ್ಲ.

ಸರಿ, ಹುಬ್ಬಳ್ಳಿ ಸ್ಟೇಷನ್‌ಗೆ ಬಂದೆವು. ಗದಗಿನ ಗಾಡಿಗೆ ಇನ್ನೂ ಹೊತ್ತಿತ್ತು. 2023ರಲ್ಲಿ ಉದ್ಘಾಟನೆಯಾದ ನಮ್ಮ ಪ್ಲಾಟ್‌ಫಾರ್ಮ್ ಜಗತ್ತಿಗೇ ಉದ್ದ, 1,507 ಮೀಟರ್. ವೈನಿಗೆ ಅದು ಇಡಿಯಾಗಿ ಒಂದೇ ಫೋಟೋದಲ್ಲಿ ಬೇಕು. ‘ಶುಭ ಪ್ರಯಾಣ’ ಅಂತ ಬರೆಯಲು ಮೇಲೆ ಸ್ವಲ್ಪ ಆಕಾಶವೂ ಬೇಕು. ಅಣ್ಣ ಫೋನು ಹಿಡಿದು ಹಿಂದೆ ಹಿಂದೆ ಸರಿದ. ‘ಇನ್ನೊಂಚೂರು’ ಅಂದರು ವೈನಿ. ಇನ್ನೊಂಚೂರು ಸರಿದ. ಹಾಗೆ ಸರಿದು ಸರಿದು ಅಣ್ಣ ಚುಕ್ಕಿಯಷ್ಟಾದಾಗ ಗಾಡಿ ಬಂತು, ನಿಂತಿತು, ಹೋಯಿತು. ಫೋಟೋದಲ್ಲಿ ಪ್ಲಾಟ್‌ಫಾರ್ಮ್ ಬಂದಿರಲಿಲ್ಲ. ಹೋಗುತ್ತಿರುವ ಗಾಡಿ ಮಾತ್ರ ಛಲೋ ಬಂದಿತ್ತು. ಬಸ್ ಹತ್ತಿದೆವು.

ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಅಂತ ಹಿರಿಯರ ಮಾತು. ನಮ್ಮ ಗುಂಪು ನೂರೊಂದು ಕಡೆ ನಿಂತಿತು, ಆದರೆ ಎಲ್ಲ ಕಡೆ ಬೆನ್ನು ತಿರುಗಿಸಿಯೇ ನಿಂತಿತು. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕೆತ್ತನೆ ನೋಡಿದರೆ ಕಲ್ಲೋ ದಂತವೋ ಅನಿಸುತ್ತದೆ. ನಮ್ಮವರಿಗೆ ಅನಿಸಲಿಲ್ಲ. ಅವರು ಅದಕ್ಕೆ ಬೆನ್ನು ಕೊಟ್ಟು ಹಲ್ಲು ತೋರಿಸುತ್ತಿದ್ದರು. ಮುಸುಕಿನ ಬಾವಿಯ ಹತ್ತಿರ ಇದ್ದ ಅಜ್ಜ ಒಬ್ಬರು ಕೇಳಿದರು, ‘ಬಾವಿ ನೋಡಿದ್ರೇನ್ರೀ? ಗ್ವಾಡ್ಯಾಗ ಸಣ್ಣ ಸಣ್ಣ ಗುಡಿ ಅದಾವ ನೋಡ್ರಿ.’ ವೈನಿ ‘ತಡೀರಿ’ ಅಂತ ಫೋನು ತೆಗೆದರು. ಬೆರಳಿನಿಂದ ಹಿಂದೆ ಹಿಂದೆ ಜರುಗಿಸಿದರು. ‘ಹಾಂ, ನೋಡೀವ್ರಿ’ ಅಂದರು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಬ್ರಹ್ಮ ಜಿನಾಲಯದ ಮುಂದೆ ನಿಂತು, ಇದನ್ನು ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು, ಅದೂ ತಾಳೆಗರಿ ಮೇಲೆ, ಒಂದೊಂದೂ ಕೈಯಿಂದ ಅಂತ ಹೇಳಿದೆ. ವೈನಿ ಮರುಗಿದರು. ‘ಪಾಪ, ಬರೇ ಸಾವಿರೇನು? ಈಗ ಒಂದ ಗ್ರೂಪಿಗೇ ಸಾವಿರದ ಇಪ್ಪತ್ನಾಲ್ಕ ಮಂದಿ ಹಿಡಿತಾರ.’ 2018ರಲ್ಲಿ ವಾಟ್ಸಾಪಿನವರು ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಅಂತ ಕಡಿವಾಣ ಹಾಕಿದಾಗ ಇವರು ಜಪಮಣಿ ಎಣಿಸಿದ ಹಾಗೆ ಐದೈದರಂತೆ ಕಳಿಸಿ ಮುಗಿಸಿದವರು. ಅತ್ತಿಮಬ್ಬೆ ಇವರಿಗೆ ಯಾವ ಲೆಕ್ಕ?

ಮಧ್ಯಾಹ್ನ ಒಂದು ಗಂಟೆ. ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ಅಲ್ಲಿ ಬಂದಿದ್ದ ಕಾಲೇಜು ಹುಡುಗನೊಬ್ಬನ ಕೈಗೆ ಫೋನು ಕೊಟ್ಟು ಐದೂ ಜನ ನಿಂತೆವು. ಅಣ್ಣನ ತಲೆ ಮೇಲೆ ಒದ್ದೆ ಟವೆಲ್ಲು, ಕೈಯಲ್ಲಿ ಕಲ್ಲಂಗಡಿ ಹೋಳು. ಎರಡು ಮಕ್ಕಳು, ನಡುವೆ ವೈನಿ. ನಾನು ಕಂಬದ ನೆರಳಿಗೆ ಒತ್ತಿ ನಿಂತೆ.

ಮನೆಗೆ ಬಂದು ನೋಡಿದರೆ ವೈನಿಗೆ ಫೋಟೋ ಹಿಡಿಸಲಿಲ್ಲ. ‘ಬರೇ ಕಲ್ಲs ಕಾಣ್ತಾವಲ್ಲ, ಹಸಿರಿಲ್ಲ, ಏನಿಲ್ಲ’ ಅಂದರು. ಹಿಂದಿನ ದೃಶ್ಯ ಬದಲಿಸುವ ಆ್ಯಪ್ ಒಂದಿದೆ. ಅದಕ್ಕೆ ಹಾಕಿದರು. ಸಾವಿರ ವರ್ಷ ಮಳೆ, ಗಾಳಿ, ದಾಳಿ ಎಲ್ಲ ತಡೆದ ಗುಡಿ ಎರಡು ಸೆಕೆಂಡಿನಲ್ಲಿ ಮಾಯ. ಅದರ ಜಾಗಕ್ಕೆ ಹಿಮದ ಬೆಟ್ಟ, ಪೈನ್ ಮರ, ಕೆಂಪು ಮಾಡಿನ ಮನೆ. ಅಲ್ಲ, ಹಿಮದ ಬೆಟ್ಟವೇ ಬೇಕಿದ್ದರೆ ಮನೆಯ ಫ್ಯಾನ್ ಕೆಳಗೇ ನಿಲ್ಲಬಹುದಿತ್ತಲ್ವಾ? ಕೇಳಲು ಧೈರ್ಯ ಬರಲಿಲ್ಲ. ಮೇಲೆ ಗುಲಾಬಿ ಅಕ್ಷರದಲ್ಲಿ ‘ಶುಭ ಸೋಮವಾರ, ಬೇಸಿಗೆಯ ತಂಪಾದ ಶುಭಾಶಯಗಳು’. ಹಿಮದಲ್ಲಿ ಬರಿಗಾಲಲ್ಲಿ ನಿಂತು ಅಣ್ಣ ಕಲ್ಲಂಗಡಿ ತಿನ್ನುತ್ತಿದ್ದ.

ನಾನು ಇರಲಿಲ್ಲ. ಆ್ಯಪ್ ನನ್ನನ್ನು ಕಂಬದ ಜೊತೆ ಅಳಿಸಿಬಿಟ್ಟಿತ್ತು. ಎಡ ಮೊಣಕೈ ಒಂದು ಉಳಿದಿತ್ತು, ಪೈನ್ ಮರದ ಮುರಿದ ಟೊಂಗೆಯ ಹಾಗೆ.

ಬೆಳಿಗ್ಗೆ ಆರಕ್ಕೆ ಕಾರ್ಡ್ ಹೊರಟಿತು. ಏಳರೊಳಗೆ ಬಂದ ಉತ್ತರಗಳೂ ಕಾರ್ಡುಗಳೇ. ಮುಂಡರಗಿಯಿಂದ ಕೈ ಮುಗಿದ ಗಿಳಿ, ರಾಣೇಬೆನ್ನೂರಿನಿಂದ ಚಹಾದ ಕಪ್ಪಿನ ಮೇಲೆ ಸೂರ್ಯ. ಹಾವೇರಿಯ ಕಾಕಾ ಮಾತ್ರ ಗೊಟಗೋಡಿ ರಾಕ್ ಗಾರ್ಡನ್‌ನಲ್ಲಿ ಶಿಲ್ಪದ ಆಕಳ ಪಕ್ಕ ನಿಂತು ‘ಹಳ್ಳಿ ಬದುಕೇ ಚಂದ’ ಅಂತ ಕಳಿಸಿದ್ದರು. ಹೋದ ವರ್ಷ ಸಗಣಿ ವಾಸನೆ ಅಂತ ನಿಜವಾದ ಆಕಳನ್ನು ಮಾರಿದವರು ಅವರೇ. ಪ್ರವಾಸ ಹೇಗಾಯಿತು ಅಂತ ಒಬ್ಬರೂ ಕೇಳಲಿಲ್ಲ.

ಕೇಳಿದ್ದು ಸಂಜೆ, ಉಣಕಲ್ ಕೆರೆ ದಂಡೆಯಲ್ಲಿ ವಾಕಿಂಗಿಗೆ ಸಿಕ್ಕ ನಮ್ಮ ಓಣಿಯ ಮಾಸ್ತರರು. ಹತ್ತಿರ ಬಂದು, ದನಿ ಇಳಿಸಿ ಕೇಳಿದರು:

‘ಮನಿಯವರೆಲ್ಲಾ ಸ್ವಿಟ್ಜರ್ಲೆಂಡಿಗೆ ಹೋಗ್ಯಾರಲ್ರೀ. ನಿಮ್ಮನ್ನೊಬ್ಬರನ್ನ ಯಾಕ ಬಿಟ್ಟು ಹೋದ್ರು?’

‘ಮನಿ ಕಾಯಾಕ ಯಾರರ ಬೇಕಲ್ರೀ ಸರ’ ಅಂದೆ.