ಭಾರತ ಫುಟ್‌ಬಾಲ್ ತಂಡದ ಜಾತಕ, ದೋಷ ಪರಿಹಾರ ಸಹಿತ

2022ರ ಜೂನ್‌ನಲ್ಲಿ ಒಂದು ಸುದ್ದಿ ಬಂತು. ನಮ್ಮ ಫುಟ್‌ಬಾಲ್ ತಂಡಕ್ಕೆ ಹುರುಪು ತುಂಬಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಒಂದು ಸಂಸ್ಥೆಯನ್ನು ಗೊತ್ತುಮಾಡಿ 16 ಲಕ್ಷ ರೂಪಾಯಿ ಕೊಟ್ಟಿದೆ. ವಿಚಾರಿಸಿದರೆ ಅದು ಜ್ಯೋತಿಷ್ಯದ ಸಂಸ್ಥೆಯಂತೆ. ಮರುವರ್ಷ ಇಂಗ್ಲಿಷ್ ಪತ್ರಿಕೆಯೊಂದು ಇನ್ನೂ ರುಚಿಯಾದ ವರದಿ ಮಾಡಿತು. ಕೋಚ್ ಇಗೊರ್ ಸ್ಟಿಮಾಚ್ ಆಟಗಾರರ ಪಟ್ಟಿಯನ್ನು ಜ್ಯೋತಿಷಿಯೊಬ್ಬರಿಗೆ ಕಳಿಸಿ, ಇವತ್ತು ಯಾರ ದಿನ ಚೆನ್ನಾಗಿದೆ ಅಂತ ಕೇಳುತ್ತಿದ್ದರಂತೆ.

ಸ್ಟಿಮಾಚ್ ಅಂದರೆ ಸುಮ್ನೆ ಅಲ್ಲ. 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷಿಯಾ ತಂಡದಲ್ಲಿದ್ದವರು. ಯುರೋಪಿನ ಆಟ ಕಲಿಸಲಿ ಅಂತ ಅವರನ್ನು ಕರೆಸಿದೆವು. ಕೊನೆಗೆ ಅವರೇ ನಮ್ಮಿಂದ ಪಂಚಾಂಗ ಕಲಿತರು. ವಿಶ್ವಗುರು ಆಗೋದು ಅಂದರೆ ಇದೇ ಅಲ್ವಾ?

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಬೇಜಾರಾಯಿತು. ಇಷ್ಟೆಲ್ಲ ದುಡ್ಡು ಸುರಿದು ಆಟಗಾರರ ಜಾತಕ ನೋಡಿದರು, ತಂಡದ ಜಾತಕವನ್ನೇ ಯಾರೂ ಬರೆಯಲಿಲ್ಲ. ಗಂಡಿನ ಜಾತಕ ನೋಡದೆ ದಿಬ್ಬಣದವರದ್ದೆಲ್ಲ ನೋಡಿದ ಹಾಗಾಯಿತು. ಅದಕ್ಕೆ ನಾನೇ ಕೂತಿದ್ದೇನೆ. ದಕ್ಷಿಣೆಯ ವಿಷಯ ಕೊನೆಗೆ ಮಾತಾಡೋಣ.

ಮೊದಲು ಜನ್ಮದಿನ ಬೇಕು. ಫೆಡರೇಷನ್ ಹುಟ್ಟಿದ್ದು 1937ರಲ್ಲಿ. ಆದರೆ ಸ್ವತಂತ್ರ ಭಾರತದ ತಂಡ ಜಗತ್ತಿನ ಮುಂದೆ ಕಣ್ಣು ಬಿಟ್ಟದ್ದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಫ್ರಾನ್ಸ್ ಎದುರು, ಜುಲೈ 31ರಂದು. ಕ್ಯಾಲೆಂಡರ್ ತಿರುಗಿಸಿ ನೋಡಿದೆ. ಶನಿವಾರ! ಅರ್ಧ ಇತಿಹಾಸ ಅಲ್ಲೇ ಅರ್ಥವಾಗಿಹೋಯಿತು.

ಅವತ್ತು ನಮ್ಮ ಹುಡುಗರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಚೆನ್ನಾಗಿಯೇ ಆಡಿದರು. ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದರು. ಎರಡು ಪೆನಾಲ್ಟಿ ಸಿಕ್ಕವು, ಎರಡೂ ವ್ಯರ್ಥವಾದವು. ಇನ್ನೇನು ಆಟ ಮುಗಿಯುತ್ತದೆ ಅನ್ನುವಾಗ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ‘ಸೋತರೂ ಜನರ ಮನ ಗೆದ್ದರು’ ಅನ್ನುವ ಶೀರ್ಷಿಕೆಯ ಜನನವೂ ಅದೇ ಮುಹೂರ್ತದಲ್ಲಿ ಆಗಿರಬೇಕು. ಅಲ್ಲಿಂದ ಇಲ್ಲಿಯವರೆಗೆ ಅದಕ್ಕೆ ಒಂದು ದಿನವೂ ರಜೆ ಸಿಕ್ಕಿಲ್ಲ.

ಮುಂದಿನದು ವಿದೇಶಯಾನದ ಮನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 1950ರ ಬ್ರೆಜಿಲ್ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದವು. ಒಂದೂ ಪಂದ್ಯ ಆಡದೆ ನಾವು ಆಯ್ಕೆಯಾದೆವು. ಆಮೇಲೆ ನಾವೂ ಹೋಗಲಿಲ್ಲ.

ಯಾಕೆ ಹೋಗಲಿಲ್ಲ? ಯಾರನ್ನೇ ಕೇಳಿ, ‘ಬರಿಗಾಲಲ್ಲಿ ಆಡಬಾರದು ಅಂತ ಫಿಫಾ ಹೇಳಿತು, ಅದಕ್ಕೇ’ ಅಂತಾರೆ. ಎಂಥ ಒಳ್ಳೆ ಕಥೆ! ಬಡತನ ಇದೆ, ಸ್ವಾಭಿಮಾನ ಇದೆ, ಬಿಳಿಯರ ದರ್ಪ ಇದೆ. ಇಲ್ಲದಿರುವುದು ಸತ್ಯ ಒಂದೇ. ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ, ತಯಾರಿಗೆ ಸಮಯ ಸಾಲದು ಎಂದು ಆಗ ಫೆಡರೇಷನ್ ಕೊಟ್ಟ ಕಾರಣ. ಹಡಗಿನ ಪ್ರಯಾಣ ಉದ್ದದ್ದು. ಖರ್ಚಿನಲ್ಲಿ ದೊಡ್ಡ ಪಾಲು ನಾವೇ ಹಾಕುತ್ತೇವೆ ಅಂತ ಬ್ರೆಜಿಲ್‌ನವರು ಹೇಳಿದ್ದರೂ ನಮ್ಮವರ ಮನಸ್ಸು ಏಳಲಿಲ್ಲ. ಅವರ ಕಣ್ಣಿಗೆ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಅಂದರೆ ಯಾವುದೋ ಒಂದು ಟೂರ್ನಮೆಂಟು. ಮದುವೆಗೆ ಕರೆದು ಬಸ್‌ಚಾರ್ಜನ್ನೂ ಕೈಗಿಟ್ಟರೆ, ಯಾರು ಹೋಗಬೇಕು ಅನ್ನುವ ಜಗಳದಲ್ಲೇ ಮುಹೂರ್ತ ಮೀರಿಸಿದ ಮನೆ ನಮ್ಮದು. ಆಮೇಲೆ ಊರಿಗೆಲ್ಲ ‘ಚಪ್ಪಲಿ ಇರಲಿಲ್ಲ ಕಣ್ರೀ’ ಅಂತ ಹೇಳಿಕೊಂಡು ಬಂದೆವು. ಪುರುಷರ ವಿಶ್ವಕಪ್‌ನಿಂದ ಮತ್ತೆ ಕರೆ ಬಂದಿಲ್ಲ.

ಬರಿಗಾಲಿನ ಕಥೆಗೆ ಬಾಲ ಒಂದಿದೆ. ಎರಡು ವರ್ಷದ ಬಳಿಕ, 1952ರಲ್ಲಿ, ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ನಮ್ಮವರು ಹೋದರು. ಆ ಚಳಿಯಲ್ಲೂ ಹಲವರದು ಬರಿಗಾಲೇ. ಯುಗೊಸ್ಲಾವಿಯಾ 10 ಗೋಲು ಹೊಡೆಯಿತು. ನಮ್ಮ ಒಂದೇ ಒಂದು ಗೋಲು ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಅವರದು. (ದೇಶ ಮುಳುಗುವಾಗಲೆಲ್ಲ ಒಂದು ಗೋಲು ಹೊಡೆಯಲು ಬೆಂಗಳೂರಿನವರೇ ಬೇಕು. ನಮ್ಮ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿ ಹುಟ್ಟೂರು ಬೇರೆಯಾದರೂ ಆಡುವುದು ಬೆಂಗಳೂರು ಕ್ಲಬ್ಬಿಗೆ ತಾನೇ? ಅವರನ್ನೂ ಈ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇನೆ.) ಆ 10 ಗೋಲಾದ ಮೇಲೆ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಶನಿ ಶಾಂತಿಗೆ ಪಾದರಕ್ಷೆ ದಾನ ಮಾಡಬೇಕು ಅಂತಾರೆ ನೋಡಿ, ಇವರು ದಾನ ಕೊಡುವ ಬದಲು ತಾವೇ ಹಾಕಿಕೊಂಡರು. ಆದರೂ ಫಲ ಸಿಕ್ಕಿತು.

ಫಲ ಸಿಕ್ಕಿದ್ದು ಬೂಟಿನಿಂದಲ್ಲ, ಗುರುಬಲದಿಂದ. ಗುರು ಅಂದರೆ ಆಕಾಶದವನಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ನಿಜವಾಗಿಯೂ ಮೇಷ್ಟ್ರು. ಅವರು ಕೋಚ್ ಆಗಿದ್ದಾಗ 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಬಂತು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿದೆವು, ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ದೇಶ ನಾವು. 1960ರಲ್ಲಿ ರೋಮ್‌ನಲ್ಲಿ ಫ್ರಾನ್ಸ್ ಜೊತೆ 1-1 ಡ್ರಾ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ಇಡೀ ಸ್ಟೇಡಿಯಂ ನಮ್ಮ ವಿರುದ್ಧ ಕೂಗುತ್ತಿತ್ತು. ತಲೆಗೆ ಪಟ್ಟಿ ಕಟ್ಟಿಕೊಂಡು ಆಡಿದ ಜರ್ನೈಲ್ ಸಿಂಗ್ ಒಂದು ಗೋಲು, ಪಿ.ಕೆ. ಬ್ಯಾನರ್ಜಿ ಒಂದು ಗೋಲು. ದಕ್ಷಿಣ ಕೊರಿಯಾ ಸೋತಿತು. ಅಷ್ಟರಲ್ಲಿ ರಹೀಂ ಅವರಿಗೆ ಕ್ಯಾನ್ಸರ್ ಹಿಡಿದಿತ್ತು. 1963ರ ಜೂನ್ 11ರಂದು ತೀರಿಕೊಂಡರು.

ಇಲ್ಲಿ ನನಗೆ ವಿಡಂಬನೆ ಹೊಳೆಯುವುದಿಲ್ಲ. ಒಬ್ಬ ಮೇಷ್ಟ್ರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಕಲಿಸಿದರು, ಹುಡುಗರು ಕಲಿತರು, ಗೆದ್ದರು. ಇದರಲ್ಲಿ ಜ್ಯೋತಿಷಿಗೆ ಏನು ಕೆಲಸ?

ಗೈರುಹಾಜರಿ ಯೋಗ ಅಂತ ಒಂದು ಅಪರೂಪದ ಯೋಗವೂ ಈ ಜಾತಕದಲ್ಲಿದೆ. ಎದುರಾಳಿ ಬರದಿದ್ದರೆ ನಮಗೆ ಶುಭ. 1950ರದ್ದು ಹೇಳಿದೆ. 1956ರಲ್ಲಿ ಮೊದಲ ಸುತ್ತಿನ ಎದುರಾಳಿ ಹಂಗೇರಿ ಬರಲಿಲ್ಲ. 1964ರ ಏಷ್ಯಾ ಕಪ್‌ಗೂ ನಮ್ಮ ಗುಂಪಿನವರೆಲ್ಲ ಹಿಂದೆ ಸರಿದು ನಾವು ಹೋದೆವು, ನಾಲ್ಕು ತಂಡಗಳಲ್ಲಿ ಎರಡನೆಯವರಾಗಿ ಬಂದೆವು. ಈಗಿನ ತಾಪತ್ರಯ ಏನೆಂದರೆ ಎಲ್ಲರೂ ಬರುತ್ತಾರೆ.

1963ರ ನಂತರ ಸಾಡೇಸಾತಿ ಶನಿ. ಏಳೂವರೆ ವರ್ಷಕ್ಕೆ ಮುಗಿಯಬೇಕಿತ್ತು. 1970ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಬಂದಾಗ ಮುಗಿಯಿತು ಅಂತಲೇ ಅನ್ನಿಸಿತ್ತು. ಆದರೆ ನಮ್ಮ ಶನಿ ಸರ್ಕಾರಿ ಗುತ್ತಿಗೆಯ ಹಾಗೆ, ಅವಧಿ ವಿಸ್ತರಣೆ ಪಡೆಯುತ್ತಲೇ ಬಂದ. ಏಷ್ಯಾ ಕಪ್‌ಗೆ 1984ರಲ್ಲಿ ಹೋದವರು ಮತ್ತೆ ಹೋಗಲು 2011 ಆಯಿತು. ಹೋಗಿ ಮೂರು ಪಂದ್ಯದಲ್ಲಿ 13 ಗೋಲು ತಿಂದು ಬಂದೆವು. ಫಿಫಾ ಪಟ್ಟಿಯಲ್ಲಿ 1996ರಲ್ಲಿ 94ನೇ ಸ್ಥಾನ, 2015ರಲ್ಲಿ 173. ಫಿಫಾ ಅಧ್ಯಕ್ಷರಾಗಿದ್ದ ಸೆಪ್ ಬ್ಲಾಟರ್ ಇಲ್ಲಿಗೆ ಬಂದು, ಭಾರತ ಮಲಗಿರುವ ದೈತ್ಯ ಅಂತ ಹೊಗಳಿ ಹೋಗಿದ್ದರು. ನಮ್ಮ ಫೆಡರೇಷನ್‌ಗೆ ಅದರಲ್ಲಿ ‘ದೈತ್ಯ’ ಅನ್ನುವುದು ಮಾತ್ರ ಕೇಳಿಸಿತು. ಕುಂಭಕರ್ಣನಾದರೂ ಆರು ತಿಂಗಳಿಗೊಮ್ಮೆ ಊಟಕ್ಕೆ ಏಳುತ್ತಿದ್ದ.

ಮತ್ತೆ ಆ 16 ಲಕ್ಷದ ಲೆಕ್ಕಕ್ಕೆ ಬರೋಣ. ಸುದ್ದಿ ಬಂದದ್ದು ಜೂನ್‌ನಲ್ಲಿ. ಎರಡೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ, ಆಡಳಿತದಲ್ಲಿ ಹೊರಗಿನವರ ಕೈವಾಡ ಇದೆ ಎಂದು ಫಿಫಾ ಇಡೀ ಫೆಡರೇಷನ್ನನ್ನೇ ಅಮಾನತು ಮಾಡಿತು. ಅದೂ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ. ಅಷ್ಟು ದೊಡ್ಡ ಗ್ರಹಣ 16 ಲಕ್ಷದ ದುರ್ಬೀನಿಗೆ ಕಾಣಲಿಲ್ಲವೇ? ಹನ್ನೊಂದು ಜನರ ಜಾತಕ ನೋಡುವ ಬದಲು ಕಚೇರಿಯಲ್ಲಿ ಕುರ್ಚಿಗೆ ಅಂಟಿದವರ ಜಾತಕ ನೋಡಿದ್ದರೆ ಗೊತ್ತಾಗುತ್ತಿತ್ತು. ಅಮಾನತು ಆಗಸ್ಟ್ 26ಕ್ಕೆ ತೆರವಾಯಿತು, ಅದು ಬೇರೆ ಮಾತು.

ಇನ್ನು ಜೂನ್ 11. ಇದನ್ನು ನಾನು ಹುಡುಕಿ ತೆಗೆದದ್ದು, ಕದಿಯಬೇಡಿ. ರಹೀಂ ತೀರಿಕೊಂಡದ್ದು ಜೂನ್ 11, ಮಂಗಳವಾರ. 2022ರ ಜೂನ್ 11ರಂದು ಅಫ್ಘಾನಿಸ್ತಾನವನ್ನು 2-1ರಿಂದ ಗೆದ್ದೆವು, ಜ್ಯೋತಿಷಿಯ ಸಲಹೆ ಪಡೆದರು ಅಂತ ವರದಿಯಾದದ್ದು ಇದೇ ಪಂದ್ಯಕ್ಕೆ. 2024ರ ಜೂನ್ 11, ಮತ್ತೆ ಮಂಗಳವಾರ, ದೋಹಾದಲ್ಲಿ ಕತಾರ್ ಎದುರು ವಿಶ್ವಕಪ್ ಅರ್ಹತೆಯ ನಿರ್ಣಾಯಕ ಪಂದ್ಯ. 1-0 ಮುಂದಿದ್ದೆವು. ಗೆರೆ ದಾಟಿ ಹೊರಗೆ ಹೋದ ಚೆಂಡನ್ನು ಒಳಗೆಳೆದು ಅವರು ಗೋಲು ಹೊಡೆದರು. ರೆಫರಿ ಕೊಟ್ಟೇಬಿಟ್ಟರು. ವಿಡಿಯೊ ನೋಡಿ ತೀರ್ಪು ಕೊಡುವ ವ್ಯವಸ್ಥೆ ಇರಲಿಲ್ಲ. 2-1ರಿಂದ ಸೋತು ಹೊರಬಿದ್ದೆವು.

ಅನ್ಯಾಯವೇ, ಸಂಶಯವಿಲ್ಲ. ಆದರೆ ಅದೇ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅದೇ ಅಫ್ಘಾನಿಸ್ತಾನಕ್ಕೆ 1-2ರಿಂದ ಸೋತಾಗ ಚೆಂಡು ಗೆರೆಯೊಳಗೇ ಇತ್ತು. ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು, ಛೆಟ್ರಿಯ ವಿದಾಯದ ದಿನ, ಒಂದೂ ಗೋಲು ಬಾರದಿದ್ದಾಗಲೂ ಗೆರೆ ಇದ್ದಲ್ಲೇ ಇತ್ತು. ಕುಣಿಯಲಾರದವರಿಗೆ ಈ ಸಲ ನೆಲ ನಿಜವಾಗಿಯೂ ಡೊಂಕಾಗಿ ಸಿಕ್ಕಿತು. ಅವರಿಗಾದ ಸಮಾಧಾನ ಅಷ್ಟಿಷ್ಟಲ್ಲ. ಮುಂದಿನ ವರ್ಷ ನಿವೃತ್ತ ಛೆಟ್ರಿಯನ್ನೇ, 40ರ ವಯಸ್ಸಿನಲ್ಲಿ, ಮತ್ತೆ ಕರೆತಂದರು. ವಾನಪ್ರಸ್ಥಕ್ಕೆ ಹೋದವರನ್ನು ಅರ್ಧ ದಾರಿಯಿಂದ ಕರೆಸಿ ‘ಗ್ಯಾಸ್ ಬುಕ್ ಮಾಡೋದು ಹೇಗೆ, ಹೇಳಿ ಹೋಗಿ’ ಅಂದ ಹಾಗೆ.

ದೋಷ ಪರಿಹಾರ: ಮಕ್ಕಳಿಗೆ ಆಡಲು ಮೈದಾನ, ಕಲಿಸಲು ಮೇಷ್ಟ್ರು. ಗೊತ್ತು, ಇದನ್ನು ಯಾರೂ ಒಪ್ಪುವುದಿಲ್ಲ. ಇದರಲ್ಲಿ ಹೋಮ ಇಲ್ಲ, ರಿಬ್ಬನ್ ಕಟ್ ಮಾಡುವುದೂ ಇಲ್ಲ.

ಇರಲಿ, ನನ್ನ ದಕ್ಷಿಣೆಯ ವಿಷಯ. ಫೆಡರೇಷನ್‌ಗೆ ಆಸ್ಥಾನ ಜ್ಯೋತಿಷಿಯ ಹುದ್ದೆ ಕೇಳಿ ಅರ್ಜಿ ಬರೆದಿದ್ದೇನೆ. ಇಮೇಲ್‌ನಲ್ಲೇ ಕಳಿಸಿದೆ, ಅಲ್ಲಿ ಇಮೇಲ್‌ಗೆ ಬಹಳ ಮರ್ಯಾದೆ. 2025ರ ಜುಲೈನಲ್ಲಿ ಕೋಚ್ ಹುದ್ದೆಗೆ ಸ್ಪೇನ್‌ನ ದಿಗ್ಗಜ ಆಟಗಾರ ಕ್ಸಾವಿ ಹೆರ್ನಾಂಡೆಜ್ ಅರ್ಜಿ ಹಾಕಿದ್ದಾರೆ, ನಮಗೆ ಅವರು ತುಂಬಾ ದುಬಾರಿ, ಅದಕ್ಕೇ ಬಿಟ್ಟೆವು ಅಂತ ಸುದ್ದಿ ಹಬ್ಬಿತ್ತು. ಜಗತ್ಪ್ರಸಿದ್ಧ ಕೋಚ್ ಪೆಪ್ ಗಾರ್ಡಿಯೋಲಾ ಹೆಸರಲ್ಲೂ ಒಂದು ಅರ್ಜಿ ಇತ್ತು. ಆಮೇಲೆ ಫೆಡರೇಷನ್ನೇ ಹೇಳಿತು, ಆ ಇಮೇಲ್‌ಗಳು ಅಸಲಿ ಅಲ್ಲ ಅಂತ. ಯಾರೋ ತಮಾಷೆಗೆ ಕಳಿಸಿದ್ದು.

ನನ್ನ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಪೈಪೋಟಿ ಜೋರಾಗಿದೆ ಅನ್ನಿಸುತ್ತದೆ. ವರಾಹಮಿಹಿರರೂ ಅರ್ಜಿ ಹಾಕಿದ್ದಾರಂತೆ. ಸಂಬಳ ಜಾಸ್ತಿ ಕೇಳುತ್ತಿದ್ದಾರೆ, ಚೌಕಾಸಿ ನಡೆದಿದೆ.