ಹಾರರ್‌ಗೂ ಪರದೆಯ ಪೂರ್ತಿ ಅಗಲ ಬೇಕು

ಹಾರರ್ ಮತ್ತು ವೆಸ್ಟರ್ನ್ (ಕೌಬಾಯ್) ಸಿನಿಮಾಗಳ ಪಟ್ಟಿ ಕೊಟ್ಟ ಲೇಖನವೊಂದನ್ನು ಓದಿದೆ. ‘ವೆಸ್ಟರ್ನ್‌ಗೆ ದೊಡ್ಡ ಪರದೆಯೇ ಬೇಕು, ಹಾರರ್‌ಗೆ ಕತ್ತಲೆ ಕೋಣೆ, ಹೆಡ್‌ಫೋನ್ ಇದ್ದರೆ ಸಾಕು’ ಎಂಬ ಅದರ ಲೇಖಕರ ಮಾತನ್ನು ನಾನು ಒಪ್ಪುವುದಿಲ್ಲ. ಆ ಪಟ್ಟಿಯ ಮೊದಲ ಚಿತ್ರ, ನಿರ್ದೇಶಕ ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೋವೀನ್’ (1978), ಈ ಮಾತಿಗೆ ಸರಿಯಾದ ಉತ್ತರ. ಅದನ್ನು ಚಿತ್ರೀಕರಿಸಿದ್ದು ಎತ್ತರದ 2.35 ಪಟ್ಟು ಅಗಲವಿರುವ (2.35:1) ಪನಾವಿಷನ್ ಎಂಬ ಅಗಲ ಪರದೆಯ ವಿಧಾನದಲ್ಲಿ. ಹಳೇ ಟಿವಿಯ 4:3 ಚೌಕಟ್ಟಿಗೆ ಕತ್ತರಿಸಿದ ಪ್ರತಿಯಲ್ಲಿ ಚಿತ್ರದ ಶೇ 40ಕ್ಕೂ ಹೆಚ್ಚು ಭಾಗ ಹಾರಿಹೋಗುತ್ತದೆ. ಅಂಚಿನಲ್ಲಿ, ಹಿನ್ನೆಲೆಯಲ್ಲಿ ಸುಮ್ಮನೆ ನಿಂತ ಆಕೃತಿಯಿಂದಲೇ ಹೆದರಿಸುವ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಹೊಡೆತ ಬೇರೆ ಯಾವುದಿದೆ? ಈಗಿನ ಟಿವಿಯಲ್ಲೂ ಕಪ್ಪು ಪಟ್ಟಿ ಬೇಡವೆಂದು ‘ಝೂಮ್’ ಒತ್ತಿದರೆ ಎರಡೂ ಬದಿ ಕತ್ತರಿಸಿಹೋಗುತ್ತದೆ.

ಕೊನೆಯ ಭಾಗದಲ್ಲಿ ನಾಯಕಿ ಲಾರಿಯ ಬೆನ್ನ ಹಿಂದಿನ ಕತ್ತಲೆ ಬಾಗಿಲಿನಿಂದ ಕೊಲೆಗಾರನ ಬಿಳಿ ಮುಖವಾಡ ನಿಧಾನವಾಗಿ ಮೂಡುವ ದೃಶ್ಯ ನೋಡಿ. ಛಾಯಾಗ್ರಾಹಕ ಡೀನ್ ಕಂಡಿ ಅಲ್ಲಿ ಡಿಮ್ಮರ್ ಇಟ್ಟು ಬೆಳಕನ್ನು ಸ್ವಲ್ಪಸ್ವಲ್ಪವೇ ಏರಿಸಿದ್ದಾರೆ. ಟಿವಿಯ ಬ್ರೈಟ್‌ನೆಸ್ ಜಾಸ್ತಿಯಿದ್ದರೆ ಕಪ್ಪು ಬೂದುಬಣ್ಣವಾಗಿ, ಮುಖವಾಡ ಮೊದಲೇ ಕಂಡುಬಿಡುತ್ತದೆ. ದೃಶ್ಯ ಅಲ್ಲಿಗೇ ಸತ್ತಂತೆ. ಹಾಗಾಗಿ ‘ಸಿನಿಮಾ’ ಮೋಡ್ ಹಾಕಿ, ಚಲನೆಯನ್ನು ಕೃತಕವಾಗಿ ನಯಗೊಳಿಸುವ ‘ಮೋಷನ್ ಸ್ಮೂದಿಂಗ್’ ಆಫ್ ಮಾಡಿ ನೋಡಿ.

ಇನ್ನು ಕಿವಿಯ ವಿಷಯ. ವೆಸ್ಟರ್ನ್ ಚಿತ್ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ನ (1968) ರೈಲ್ವೆ ನಿಲ್ದಾಣದ ಆರಂಭದ ದೃಶ್ಯದಲ್ಲಿ ಸಂಗೀತ ನಿರ್ದೇಶಕ ಮೊರಿಕೋನೆ ಅವರ ಸಂಗೀತವೇ ಇಲ್ಲ. ಗಾಳಿಯಂತ್ರದ ಕಿರುಗುಟ್ಟುವಿಕೆ, ಟೋಪಿಯ ಮೇಲೆ ಬೀಳುವ ಹನಿ, ನೊಣದ ಗುಂಯ್‌ ಇಷ್ಟೇ. ಹೆಡ್‌ಫೋನ್ ನಿಜಕ್ಕೂ ಬೇಕಾದದ್ದು ಈ ವೆಸ್ಟರ್ನ್‌ಗೆ!